ಲಿಮಿಟೆಡ್ ಎಡಿಷನ್ ಕಾರಿಗೆ 5 ಲಕ್ಷ ಅಡ್ವಾನ್ಸ್ ಕೇಳ್ತಿದಾರೆ, ಕೊಡ್ಬೋದಾ?

ಕಾಳಿದಂಡೆ (ಕಾರವಾರ)
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಬೈಬೇಡಿ. ಒಂದು ಸ್ಪೋರ್ಟ್ಸ್ ಕಾರ್ ಮೇಲೆ ಕಣ್ಣಿಟ್ಟು ಕೂತಿದೀನಿ, ಹೊರದೇಶದಲ್ಲೇ ಪೂರ್ತಿ ತಯಾರಾಗಿ ಹಡಗಲ್ಲಿ ಬರೋದು, ಇಡೀ ದೇಶಕ್ಕೇ ಬೆರಳೆಣಿಕೆ ಗಾಡಿ. ಯಾವ ಕಾರು, ಯಾವ ಶೋರೂಮು ಅಂತ ಹೇಳಲ್ಲ. ಕಾರವಾರದಲ್ಲಿ ಅಂಥ ಶೋರೂಮ್ ಇಲ್ಲ ಅಂತ ನಿಮಗೂ ಗೊತ್ತು, ಹುಬ್ಳಿ, ಗೋವಾ, ಮಂಗ್ಳೂರು ಇದ್ರಲ್ಲಿ ಒಂದು ಅಂದ್ಕೊಳಿ. ಹಿಂದಿನ ಲಾಟ್, ಅಂದ್ರೆ ಹೋದ್ಸಲ ಒಟ್ಟಿಗೆ ತರಿಸಿದ್ದ ಗಾಡಿಗಳು, ಖಾಲಿ. ಮುಂದಿನ ಲಾಟ್ ಬಂದೇ ಬರತ್ತೆ ಸಾರ್, ಈಗ 5 ಲಕ್ಷ ಕೊಟ್ರೆ ನಮ್ ಕೋಟಾದಲ್ಲಿ ನಿಮ್ ಹೆಸರೇ ಫಸ್ಟು ಅಂತಾನೆ ಸೇಲ್ಸ್ ಹುಡುಗ. 2 ಲಕ್ಷ ಅಕೌಂಟಿಗೆ ಹಾಕಿ, 3 ಲಕ್ಷ ಕ್ಯಾಶ್ ಕೊಡಿ ಅಂದ. ರೇಟ್ ಎಷ್ಟಪ್ಪಾ ಅಂದ್ರೆ ಅದು ಲಾಂಚ್ ಆದ್ಮೇಲೆ. ಡೆಲಿವರಿ ಯಾವಾಗ ಅಂದ್ರೆ ಅದೂ ಲಾಂಚ್ ಆದ್ಮೇಲೆ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರತ್ತಾ ಅಂದ್ರೆ ನಗ್ತಾನೆ, ಇಂಥ ಕಾರ್ ಯಾರ್ ಸಾರ್ ಕ್ಯಾನ್ಸಲ್ ಮಾಡ್ತಾರೆ ಅಂತ.
ಮನೇಲಿ ಅಪ್ಪ ಬೇಡ ಅಂತಾರೆ, ಭಾವ ಕೊಟ್ಬಿಡು ಅಂತಾನೆ, ನಿಂಗೆ ಬೇಡ ಅನ್ಸಿದ್ರೆ ಬಂದ ದಿನವೇ ಹತ್ತು ಲಕ್ಷ ಮೇಲಿಟ್ಟು ಮಾರ್ಬೋದು ಅನ್ನೋದು ಅವನ ಲೆಕ್ಕ. ಗೊತ್ತಿದ್ದೋರು ಹೇಳಿ.

ಶಿರಸಿ_ಅಡಕೆ
ರೇಟೇ ಗೊತ್ತಿಲ್ಲೆ, ಅಡ್ವಾನ್ಸ್ ಮಾತ್ರ ಕೊಡವು ಹೇಳ್ತ? ಎಂತಾ ಕಾಲ ಬಂತು ಮಾರಾಯಾ.

ಕುಮಟಾ_ಗೇರ್‌ಬಾಕ್ಸ್
ಶಿರಸಿ ಅಣ್ಣ ನಗಾಡ್ಬೇಡಿ, ಈಗ ಅದೇ ಸ್ಟೈಲು. ಹೋದ ವರ್ಷ ಅಂದ್ರೆ 2025ರಲ್ಲಿ ನಡೆದಿದ್ದು ನೋಡಿ. ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಜಿಟಿಐಗೆ ಮೇ 5ಕ್ಕೆ ಬುಕಿಂಗ್ ಓಪನ್ ಮಾಡಿದ್ರು, ರೇಟ್ ಹೇಳಿದ್ದು ಮೇ 26ಕ್ಕೆ, 53 ಲಕ್ಷ ಎಕ್ಸ್ ಶೋರೂಮ್. ಅಷ್ಟೊತ್ತಿಗೆ ಮೊದಲನೇ ಲಾಟಿನ 150 ಗಾಡಿ ಖಾಲಿ. ಆಮೇಲೆ ಸ್ಕೋಡಾದವ್ರ ಆಕ್ಟೇವಿಯಾ ಆರ್‌ಎಸ್. ಬರೀ 100 ಗಾಡಿ, ಅಕ್ಟೋಬರ್ 6ಕ್ಕೆ ಬುಕಿಂಗ್, ಟೋಕನ್ ಎರಡೂವರೆ ಲಕ್ಷ, ರೇಟ್ ಹೇಳಿದ್ದು 17ಕ್ಕೆ, 49.99 ಲಕ್ಷ. ರೇಟ್ ಹೇಳೋಕೆ ಮುಂಚೇನೇ 100ಕ್ಕೆ 100 ಹೋಗಿತ್ತು. ಎರಡರದ್ದೂ ಇಂಜಿನ್ ಒಂದೇ, 2 ಲೀಟರ್ ಟರ್ಬೋ ಪೆಟ್ರೋಲು, ಪವರ್ 265 ಪಿಎಸ್, ಟಾರ್ಕ್ ಅಂದ್ರೆ ಎಳೆಯೋ ಶಕ್ತಿ 370 ಎನ್‌ಎಂ. ನಾನೂ ಆರ್‌ಎಸ್‌ಗೆ ಪ್ರಯತ್ನ ಮಾಡಿದ್ದೆ, ನಮ್ ಮನೆ ಕಡೆ ನೆಟ್‌ವರ್ಕ್ ಕೇಳ್ಬೇಡಿ, ಓಟಿಪಿ ಬರ್ಲಿ ಅಂತ ಮಾಳಿಗೆ ಹತ್ತಿ ಫೋನ್ ಎತ್ತಿ ಹಿಡ್ಕೊಂಡು ನಿಂತಿದ್ದೆ, ಕೆಳಗಿಂದ ಅಮ್ಮ ಎಂತ ಮಾಡ್ತಿದ್ದೆ ಅಲ್ಲಿ ಅಂತ ಕೂಗ್ತಿದ್ಲು, ಓಟಿಪಿ ಬಂತು, ಹಾಕೋಷ್ಟ್ರಲ್ಲಿ ಪೇಜ್ ಸೋಲ್ಡ್ ಔಟ್.
ಆದ್ರೆ ಒಂದು ವ್ಯತ್ಯಾಸ ಇದೆ ನೋಡಿ. ಅಲ್ಲಿ ಬುಕಿಂಗ್ ಓಪನ್ ಮಾಡಿದ್ದು ಕಂಪನಿ. ಇಲ್ಲಿ ಕಂಪನಿ ಏನೂ ಹೇಳೇ ಇಲ್ಲ, ಸೇಲ್ಸ್ ಹುಡುಗ ಹೇಳ್ತಿದಾನೆ ಅಷ್ಟೇ.

ಹೊನ್ನಾವರ_47
ನೂರು, ನೂರೈವತ್ತು ಅಂತ ಯಾಕೆ ತರ್ತಾರೆ, ಜಾಸ್ತಿ ತಂದ್ರೆ ಜಾಸ್ತಿ ದುಡ್ಡು ಅಲ್ವಾ? ಬೇಕಂತಲೇ ಕೊರತೆ ಮಾಡ್ತಾರಾ?

ಕುಮಟಾ_ಗೇರ್‌ಬಾಕ್ಸ್
ಸ್ವಲ್ಪ ಅದೂ ಇರ್ಬೋದು, ಆದ್ರೆ ಮುಖ್ಯ ಕಾರಣ ಬೇರೆ. ಹೊಸ ಮಾಡೆಲ್ ಇಲ್ಲಿ ಮಾರ್ಬೇಕಂದ್ರೆ ಇಲ್ಲಿನ ಟೆಸ್ಟ್ ಏಜೆನ್ಸಿಗೆ ಗಾಡಿ ಕೊಟ್ಟು ಸರ್ಟಿಫಿಕೇಟ್ ತಗೋಬೇಕು, ಹೋಮೊಲೊಗೇಷನ್ ಅಂತಾರೆ, ಭಾರೀ ಖರ್ಚು. 2018ರಲ್ಲಿ ಒಂದು ರಿಯಾಯಿತಿ ಬಂತು, ಒಂದು ಕಂಪನಿ ವರ್ಷಕ್ಕೆ 2,500 ಗಾಡಿ ತನಕ ಆ ಟೆಸ್ಟ್ ಇಲ್ದೇ ತರ್ಬೋದು, ಹೊರಗಿನ ಸ್ಟ್ಯಾಂಡರ್ಡ್ ಪಾಸಾಗಿರ್ಬೇಕು, ಸ್ಟೇರಿಂಗ್ ಬಲಗಡೆ ಇರ್ಬೇಕು. ಅದೇ ದಾರೀಲಿ ಇವೆಲ್ಲ ಬರೋದು. ಆದ್ರೆ ಇಂಪೋರ್ಟ್ ಡ್ಯೂಟಿ ಏನೂ ಕಮ್ಮಿ ಇಲ್ಲ ಮತ್ತೆ, ಅದಕ್ಕೇ ಅಷ್ಟು ರೇಟ್. ಅಷ್ಟು ಕೊಟ್ಟು ತಗೊಳೋರು ಎಷ್ಟ್ ಜನ ಅಂತ ನೋಡ್ಕೊಂಡು ಸ್ವಲ್ಪ ಸ್ವಲ್ಪ ತರ್ತಾರೆ.
ಇನ್ನೊಂದು, ಲಿಮಿಟೆಡ್ ಅಂದ ಕೂಡ್ಲೇ ಬೆಲೆ ಏರತ್ತೆ ಅನ್ನೋದು ಸುಳ್ಳು. ಫೋಕ್ಸ್‌ವ್ಯಾಗನ್ನಿನದೇ ಪೋಲೋ ಜಿಟಿಐ ನೆನಪಿದ್ಯಾ? 2016ರ ನವೆಂಬರಿಗೆ ಬಂತು, ಎರಡೇ ಬಾಗಿಲಿನ ಪುಟ್ಟ ಗಾಡಿ, 192 ಪಿಎಸ್, ದೇಶಕ್ಕೆ 99 ಮಾತ್ರ ಅಂದ್ರು, ರೇಟ್ 25.65 ಲಕ್ಷ. ಮಾರನೇ ವರ್ಷ ಅದೇ ಗಾಡಿಗೆ 19.99 ಲಕ್ಷ ಅಂದ್ರು. ಮೊದಲೇ ತಗೊಂಡವನ ಹೊಟ್ಟೆ ಹೇಗೆ ಉರಿದಿರ್ಬೇಕು ಹೇಳಿ. ನಿಮ್ ಭಾವಂಗೆ ಇದನ್ನ ಹೇಳಿ.

ದಾಂಡೇಲಿ_65
ಗೋವಾ ರಿಜಿಸ್ಟ್ರೇಷನ್ ಮಾಡ್ಸಿ ಮಾರಾಯ್ರೆ, ಕಾರವಾರದಿಂದ ಮಾಜಾಳಿ ದಾಟಿದ್ರೆ ಗೋವಾ. ಟ್ಯಾಕ್ಸ್ ಎಷ್ಟೋ ಉಳಿಯತ್ತೆ.

ಘಟ್ಟದ_ಕೆಳಗೆ (ಅಂಕೋಲಾ)
ದಾಂಡೇಲಿ ಅಣ್ಣಾ, ಈ ಐಡಿಯಾ ಹಳೇದಾಯ್ತು. ನಮ್ಮಲ್ಲಿ 20 ಲಕ್ಷದ ಮೇಲಿನ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 18, ಆ ತೆರಿಗೆ ಮೇಲೆ ಮತ್ತೆ ಸೆಸ್ಸು 11. 53 ಲಕ್ಷದ ಕಾರಿಗೆ ಲೆಕ್ಕ ಹಾಕಿದ್ರೆ ತೆರಿಗೆ 9 ಲಕ್ಷ 54 ಸಾವಿರ, ಸೆಸ್ಸು 1 ಲಕ್ಷದ ಮೇಲೆ, ಅಂತೂ ಹತ್ತೂವರೆ ಲಕ್ಷ ಆರ್‌ಟಿಓಗೇ. ಇನ್ಶೂರೆನ್ಸ್ ಬೇರೆ. ಹತ್ತು ಲಕ್ಷದ ಮೇಲಿನ ಗಾಡಿ ಅಂತ ನೂರಕ್ಕೆ 1 ಟಿಸಿಎಸ್ ಬೇರೆ, ಮಾರೋವ್ರೇ ನಮ್ಮಿಂದ ವಸೂಲಿ ಮಾಡಿ ಕಟ್ಟೋ ಆದಾಯ ತೆರಿಗೆ, ಅದು ರಿಟರ್ನ್ ಹಾಕುವಾಗ ಕ್ರೆಡಿಟ್ ಸಿಗತ್ತೆ, ಹೋಯ್ತು ಅಂತಲ್ಲ, ಆದ್ರೆ ಆ ಹೊತ್ತಿಗೆ ಕೈಯಿಂದ ಕೊಡ್ಲೇಬೇಕು. ಅಂದ್ರೆ 53 ಅಂತ ಪೇಪರಲ್ಲಿ ಬಂದಿದ್ದು ಮನೆ ಅಂಗಳಕ್ಕೆ ಬರೋಷ್ಟ್ರಲ್ಲಿ 65ರ ಹತ್ತಿರ. ಅಡ್ವಾನ್ಸ್ ಕೊಡೋ ಮೊದ್ಲು ಈ ಲೆಕ್ಕ ಹಾಕ್ಬೇಕು.
ಗೋವಾ ವಿಷ್ಯ. ಗಾಡಿ ಯಾವ ರಾಜ್ಯದಲ್ಲಿ ಇಟ್ಟು ಓಡಿಸ್ತೀರೋ ಅಲ್ಲೇ ರಿಜಿಸ್ಟರ್ ಆಗ್ಬೇಕು. ಹೊರಗಿನ ನಂಬರ್ ಇಟ್ಕೊಂಡು ವರ್ಷದ ಮೇಲೆ ಇಲ್ಲೇ ಓಡಿಸಿದ್ರೆ ಇಲ್ಲಿನ ಟ್ಯಾಕ್ಸ್ ಕಟ್ಟಲೇಬೇಕು. 2025ರ ಫೆಬ್ರವರಿಲಿ ಬೆಂಗ್ಳೂರಲ್ಲಿ ಒಂದೇ ಸಲಕ್ಕೆ 30 ಲಕ್ಷುರಿ ಕಾರ್ ಹಿಡಿದ್ರು, ಜುಲೈಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯವ್ರು 1.41 ಕೋಟಿ ಕಟ್ಟಿ ಬಿಡಿಸ್ಕೊಂಡ್ರು. ಕಾರವಾರದಂಥ ಊರಲ್ಲಿ ಕೆಂಪು ಜಿಟಿಐ ಯಾರದ್ದು ಅಂತ ಆರ್‌ಟಿಓಗೆ ಬೇಡ, ಮೀನು ಮಾರ್ಕೆಟಿನಲ್ಲಿ ಕೇಳಿದ್ರೂ ಹೇಳ್ತಾರೆ.

ದಾಂಡೇಲಿ_65
ಹ್ಹಹ್ಹ ಸರಿ ಬಿಡಿ, ಕಾರವಾರದ ಕೆಎ-30 ನಂಬರೇ ಚಂದ.

ವಕೀಲಿ_ಅಕ್ಕ (ಕಾರವಾರ)
ತಮ್ಮಾ, ನಿನ್ನ ಪೋಸ್ಟಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆದಿದ್ದು 3 ಲಕ್ಷ ಕ್ಯಾಶ್. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೋಳೋ ಹಾಗಿಲ್ಲ, ಆದಾಯ ತೆರಿಗೆ ಕಾಯ್ದೆಯಲ್ಲಿ 2017ರಿಂದ ಇದೆ. ತಗೊಂಡವನಿಗೆ ತಗೊಂಡಷ್ಟೇ ದಂಡ. ಇದು ಗೊತ್ತಿಲ್ಲದ ಶೋರೂಮ್ ಯಾವುದೂ ಇಲ್ಲ. ಗೊತ್ತಿದ್ದೂ ಕೇಳ್ತಾರೆ ಅಂದ್ರೆ ಆ 3 ಲಕ್ಷ ಶೋರೂಮಿನ ಲೆಕ್ಕಕ್ಕೆ ಹೋಗೋದಲ್ಲ ಅಂತ ನನಗನ್ಸತ್ತೆ. ರಸೀದಿ ಎಂತದು ಕೊಡ್ತಾರಂತೆ, ಸ್ಯಾಂಪಲ್ ಇದ್ರೆ ಹಾಕು, ಹೆಸರು ಮುಚ್ಚಿ.

ಕಾಳಿದಂಡೆ (ಕಾರವಾರ)
ಅಕ್ಕಾ ಥ್ಯಾಂಕ್ಸ್. ಬೇರೆ ಯಾರಿಗೋ ಕೊಟ್ಟಿದ್ದು ಅಂತ ಒಂದು ಫೋಟೋ ಕಳ್ಸಿದ್ದ, ಅದೇ ಥರ ಕೊಡ್ತೀವಿ ಅಂತ. ಫೋಟೋ ಇಲ್ಲಿ ಹಾಕಲ್ಲ, ಹೇಗಿದೆ ಹೇಳ್ತೀನಿ. ಲೆಟರ್‌ಹೆಡ್ ಇಲ್ಲ, ಅಂಗಡೀಲಿ ಸಿಗೋ ಬಿಲ್ ಬುಕ್ಕಿನ ಗುಲಾಬಿ ಹಾಳೆ. ಕಾರಿನ ಹೆಸರು ಜಾಗದಲ್ಲಿ ಪೆನ್ನಲ್ಲಿ 'ನೆಕ್ಸ್ಟ್ ಲಾಟ್', ಕೆಳಗೆ 'ನಾನ್ ರಿಫಂಡೇಬಲ್' ಅಂತ ಎರಡು ಗೆರೆ ಎಳೆದು ಬರ್ದಿದಾರೆ. ಸೀಲ್ ಅರ್ಧ ಮಾತ್ರ ಬಿದ್ದಿದೆ, ಊರಿನ ಹೆಸರು ಕಾಣತ್ತೆ, ಕಂಪನಿ ಹೆಸರು ಕಾಣಲ್ಲ. ಸಹಿ ಯಾರದ್ದು ಅಂತ ದೇವರಿಗೇ ಗೊತ್ತು. ಜಿಎಸ್‌ಟಿ ನಂಬರ್ ಇಲ್ಲ.

ಶಿರಸಿ_ಅಡಕೆ
ಸಾಮಾನು ಬಿಲ್ಲೂ ಇದಕ್ಕಿಂತ ಚಂದ ಇರತ್ತೆ.

ವಕೀಲಿ_ಅಕ್ಕ (ಕಾರವಾರ)
ಹಾಗಾದ್ರೆ ಇದು ಬುಕಿಂಗೇ ಅಲ್ಲ. ಬುಕಿಂಗ್ ಅಂದ್ರೆ ಯಾವ ಕಾರು, ಯಾವ ವೇರಿಯಂಟು, ರೇಟ್ ಎಷ್ಟು ಅಥವಾ ಹೇಗೆ ನಿರ್ಧಾರ ಆಗತ್ತೆ, ಯಾವಾಗ್ಲೊಳಗೆ ಕೊಡ್ತಾರೆ, ಕೊಡ್ದಿದ್ರೆ ಎಂತ, ನೀನು ಬೇಡ ಅಂದ್ರೆ ಎಷ್ಟು ಕಡಿತ, ಇದಿಷ್ಟು ಬರವಣಿಗೇಲಿ ಇರ್ಬೇಕು. ಕಂಪನಿಯ ಬುಕಿಂಗ್ ಫಾರ್ಮಲ್ಲಿ ಸಾಮಾನ್ಯ 'ಡೆಲಿವರಿ ದಿನ ಇರೋ ರೇಟೇ ರೇಟು' ಅಂತ ಸಣ್ಣಕ್ಷರದಲ್ಲಿ ಇರತ್ತೆ. ಅದು ಇದ್ರೂ ಅಡ್ಡಿಲ್ಲ, ರೇಟ್ ಏರಿದ್ರೆ ಕ್ಯಾನ್ಸಲ್ ಮಾಡಿ ಪೂರ್ತಿ ವಾಪಸ್ ತಗೊಳೋ ಹಕ್ಕು ಇದ್ಯಾ ಅಂತ ನೋಡು. ಆ ಸಾಲು ಇದ್ರೆ ಬುಕ್ ಮಾಡು, ಇಲ್ದಿದ್ರೆ ಸುಮ್ನಿರು.
ನಾನ್ ರಿಫಂಡೇಬಲ್ ಅಂತ ಬರೆದ ಕೂಡ್ಲೇ ಮುಗೀತು ಅಂತ ಜನ ಅಂದ್ಕೋತಾರೆ. ಹಾಗೇನಿಲ್ಲ. 1872ರ ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಕರಾರು ಮುರಿದಾಗ ಸಿಗೋದು ನ್ಯಾಯಯುತ ಪರಿಹಾರ ಮಾತ್ರ, ಬರ್ಕೊಂಡಿದ್ದು ಅದರ ಮೇಲ್ಮಿತಿ ಅಷ್ಟೇ. ಇಟ್ಕೊಂಡ ಅಡ್ವಾನ್ಸನ್ನ ಮನಸ್ಸಿಗೆ ಬಂದ ಹಾಗೆ ನುಂಗೋಕೆ ಆಗಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಕೈಲಾಶ್ ನಾಥ್ ಕೇಸಲ್ಲಿ, ಅದು ದಿಲ್ಲಿಯ ಜಾಗದ ಹರಾಜಿನ ವಿಷ್ಯ, ಸ್ಪಷ್ಟವಾಗಿ ಹೇಳಿದೆ. ಆದ್ರೆ ಕರಾರು ಗಟ್ಟಿ ಮಾಡೋಕೆ ಕೊಟ್ಟ ಮುಂಗಡ ಅಂತ ಸರಿಯಾಗಿ ಬರೆದಿದ್ದು, ಮೊತ್ತವೂ ಹದವಾಗಿದ್ದು, ನೀನಾಗೇ ಹಿಂದೆ ಸರಿದ್ರೆ ಅದನ್ನ ಇಟ್ಕೊಳೋಕೆ ಅವ್ರಿಗೆ ದಾರಿ ಇದೆ. ಎರಡೂ ಕಡೆ ನೋಡ್ಬೇಕು.
ಗ್ರಾಹಕರ ಆಯೋಗ ಕಾರವಾರದಲ್ಲೇ ಇದೆ, ಶೋರೂಮ್ ಹುಬ್ಳಿಲಿರ್ಲಿ ಗೋವಾದಲ್ಲಿರ್ಲಿ, 2019ರ ಕಾಯ್ದೆ ಪ್ರಕಾರ ನೀನು ವಾಸ ಮಾಡೋ ಕಡೆನೇ ದೂರು ಹಾಕ್ಬೋದು. 5 ಲಕ್ಷದ ತನಕ ಫೀಸಿಲ್ಲ, ಆನ್‌ಲೈನಲ್ಲೂ ಆಗತ್ತೆ. ಮೊದ್ಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ರೆ ಎಷ್ಟೋ ಸಲ ಅಲ್ಲೇ ಬಗೆಹರಿಯತ್ತೆ.
ಮತ್ತೊಂದು ಮಾತು, ಇದನ್ನ ಸರಿಯಾಗಿ ಓದು. ಮಾರಿ ಲಾಭ ಮಾಡೋಕೆ ಅಂತ ತಗೊಂಡವ್ರು ಆ ಕಾಯ್ದೆ ಪ್ರಕಾರ ಗ್ರಾಹಕರೇ ಅಲ್ಲ. ಬಂದ ದಿನವೇ ಹತ್ತು ಲಕ್ಷ ಮೇಲಿಟ್ಟು ಮಾರ್ಬೋದು ಅಂತ ನೀನು ಇಲ್ಲಿ ಎಲ್ರೆದುರಿಗೆ ಬರ್ದು ಇಟ್ಟಿದೀಯ. ಅವರ ವಕೀಲರು ಇದೇ ಸ್ಕ್ರೀನ್‌ಶಾಟ್ ಇಟ್ರೆ ನಾನೂ ನಿನ್ನ ಪರ ವಾದ ಮಾಡೋದು ಕಷ್ಟ.

ಕಾಳಿದಂಡೆ (ಕಾರವಾರ)
ಅದು ಭಾವ ಹೇಳಿದ್ದು ಅಕ್ಕಾ 😅 ನಂಗೆ ಓಡಿಸೋಕೇ ಬೇಕು.

ಭಟ್ಕಳ_ಟು_ದುಬೈ
ಅಸ್ಸಲಾಮು ಅಲೈಕುಂ, ನಮಸ್ಕಾರ. ಇಲ್ಲಿ ದುಬೈಲಿ ಇಂಥ ಕಾರು ದಿನಾ ನೋಡ್ತೀನಿ, ಹಾಗಾಗಿ ಒಂದೆರಡು ಮಾತು. ಮಾರಿ ಲಾಭ ಮಾಡೋರ ಮೇಲೆ ಕಂಪನಿಗಳಿಗೂ ಸಿಟ್ಟಿದೆ. ಫೋರ್ಡ್ ಜಿಟಿ ತಗೊಳೋರ ಹತ್ರ ಎರಡು ವರ್ಷ ಮಾರಲ್ಲ ಅಂತ ಸಹಿ ಹಾಕ್ಸ್ಕೊಂಡಿದ್ರು. ಕುಸ್ತಿ ಜಾನ್ ಸೀನಾ ಇದಾನಲ್ಲ, ಅವ ಬೇಗ ಮಾರಿಬಿಟ್ಟ, 2017ರಲ್ಲಿ ಫೋರ್ಡ್ ಅವನ ಮೇಲೇ ಕೇಸ್ ಹಾಕ್ತು, ಮಾರನೇ ವರ್ಷ ರಾಜಿ ಆಯ್ತು. ನಿಮ್ ಕಾರಿನ ಪೇಪರಲ್ಲೂ ಅಂಥ ಸಾಲು ಇದ್ಯಾ ನೋಡ್ಕೊಳಿ.
ಇನ್ನು ಕೊಟ್ಟು ಕಾಯೋ ಕಥೆ. ಟೆಸ್ಲಾ ರೋಡ್‌ಸ್ಟರ್ ಹೊಸದು, 2017ರ ನವೆಂಬರಲ್ಲಿ ತೋರ್ಸಿದ್ರು, 50 ಸಾವಿರ ಡಾಲರ್ ಬುಕಿಂಗ್. ಮೊದಲ ಸಾವಿರ ಗಾಡಿ ಬೇಕಾದ್ರೆ ಪೂರ್ತಿ ಎರಡೂವರೆ ಲಕ್ಷ ಡಾಲರ್ ಮೊದ್ಲೇ. 2020ಕ್ಕೆ ಕೊಡ್ತೀವಿ ಅಂದಿದ್ರು. ಆ ವರ್ಷ ಹೋಯ್ತು, ಗಾಡಿ ಇಲ್ಲ. ದೊಡ್ಡ ಕಂಪನಿ, ಸರಿಯಾದ ರಸೀದಿ ಎಲ್ಲಾ ಇದ್ದೂ ಹೀಗೆ.

ಹೊನ್ನಾವರ_47
ಭಾಯ್, ಅಲ್ಲಿಂದ್ಲೇ ಒಂದು ಸೆಕೆಂಡ್ ಹ್ಯಾಂಡ್ ಕಳ್ಸಿ ಹಾಗಾದ್ರೆ.

ಭಟ್ಕಳ_ಟು_ದುಬೈ
ಇಲ್ಲಿ ಸ್ಟೇರಿಂಗ್ ಎಡಗಡೆ ಭಾಯ್, ಇಂಡಿಯಾದಲ್ಲಿ ಬಿಡಲ್ಲ. ಡ್ಯೂಟಿ ಕೇಳಿದ್ರೆ ನೀವೇ ಬೇಡ ಅಂತೀರಿ.

ಹಳೇಕಾರ್_ಮಾಸ್ತರ್ (ಶಿರಸಿ)
ಟೆಸ್ಲಾಕ್ಕಿಂತ ಹಳೇ ಕಥೆ ಒಂದಿದೆ, ನನಗೆ ಬಹಳ ಇಷ್ಟ, ಹೇಳ್ಲೇಬೇಕು. ಜಾಗ್ವಾರ್ ಎಕ್ಸ್‌ಜೆ220. 1988ರಲ್ಲಿ ಬರ್ಮಿಂಗ್‌ಹ್ಯಾಮ್ ಮೋಟಾರ್ ಶೋದಲ್ಲಿ ತೋರ್ಸಿದ್ರು, ವಿ12 ಇಂಜಿನ್, ನಾಲ್ಕೂ ಚಕ್ರಕ್ಕೆ ಡ್ರೈವು, ಕತ್ತರಿ ಥರ ಮೇಲೆದ್ದು ತೆಗೆಯೋ ಬಾಗಿಲು. ಜನ ಹುಚ್ಚೆದ್ದು 50 ಸಾವಿರ ಪೌಂಡ್ ಡಿಪಾಸಿಟ್ ಕೊಟ್ಟು ಹೆಸ್ರು ಬರೆಸಿದ್ರು, ಆ ಕಾಲದ 50 ಸಾವಿರ ಪೌಂಡು ಮತ್ತೆ! ಕಾರು ಕೈಗೆ ಬರೋಷ್ಟ್ರಲ್ಲಿ 1992. ವಿ12 ಹೋಗಿ ಮೂರೂವರೆ ಲೀಟರಿನ ವಿ6 ಟರ್ಬೋ ಆಗಿತ್ತು, ನಾಲ್ಕು ಚಕ್ರದ ಡ್ರೈವ್ ಹೋಗಿ ಹಿಂದಿನ ಎರಡಕ್ಕೆ ಮಾತ್ರ, ಬಾಗಿಲು ನಮ್ ನಿಮ್ ಕಾರಿನ ಥರ ಮಾಮೂಲಿ. ರೇಟ್ ಮಾತ್ರ 4 ಲಕ್ಷ 70 ಸಾವಿರ ಪೌಂಡ್ ತನಕ ಹೋಗಿತ್ತು. ಅಷ್ಟ್ರಲ್ಲಿ ಅಲ್ಲಿ ಆರ್ಥಿಕ ಹಿಂಜರಿತ, ಬುಕ್ ಮಾಡಿದ್ರಲ್ಲಿ ಎಷ್ಟೋ ಜನ ನಮಗೆ ಬೇಡ ಅಂದ್ರು, ಕಂಪನಿ ಬಿಡಲ್ಲ ಅಂತು, ಕೋರ್ಟು ಕಚೇರಿ ಎಲ್ಲಾ ಆಯ್ತು. 350 ಮಾಡ್ತೀವಿ ಅಂದಿದ್ದು 300ನೂ ಮುಟ್ಲಿಲ್ಲ.
ತಮಾಷೆ ಅಂದ್ರೆ ಕಾರು ಅದ್ಭುತ, ಕೆಲ ಕಾಲ ಜಗತ್ತಿನಲ್ಲೇ ಅತಿ ವೇಗದ್ದು ಅನ್ನಿಸ್ಕೊಂಡಿತ್ತು. ವಿ6 ಅಂತ ಮೂಗು ಮುರಿದವ್ರಿಗೆ ಅದು ಬೇಡ ಆಗಿತ್ತು ಅಷ್ಟೇ. ನಾನಾಗಿದ್ರೆ ಬಾಗಿಲು ಹೇಗಿದ್ರೂ ತಗೋತಿದ್ದೆ, ಆದ್ರೆ ನನ್ನ ಹತ್ರ 50 ರೂಪಾಯಿನೂ ಇರ್ಲಿಲ್ಲ ಆಗ.

ಶಿರಸಿ_ಅಡಕೆ
ಮಾಸ್ತರ್ರೇ, ನಮ್ಮಲ್ಲಿ ಫಸಲು ಗುತ್ತಿಗೆ ಕೊಡ್ತಾರಲ್ಲ, ಅಡಕೆ ಮರದಲ್ಲಿದ್ದಾಗ್ಲೇ ವ್ಯಾಪಾರಿ ಬಂದು ಮುಂಗಡ ಕೊಡ್ತಾನೆ. ಅವ ತೋಟ ಸುತ್ತಿ, ಅಡಕೆ ಗೊನೆ ಎಣಿಸಿ, ಕೊಳೆ ರೋಗ ಬಂದಿದ್ಯಾ ನೋಡಿ ಆಮೇಲೆ ಕೈ ಎತ್ತೋದು. ಇಲ್ಲಿ ಈ ಹುಡುಗಂಗೆ ತೋಟನೇ ತೋರ್ಸಿಲ್ಲ.

ಹಳೇಕಾರ್_ಮಾಸ್ತರ್ (ಶಿರಸಿ)
ಸರಿಯಾಗಿ ಹೇಳಿದ್ರಿ ಹೆಗಡೇರೇ.

ಘಟ್ಟದ_ಕೆಳಗೆ (ಅಂಕೋಲಾ)
ದುಡ್ಡಿನ ಮಾತು ಆಯ್ತು, ರಸ್ತೆ ಮಾತೂ ಆಡಿ ಯಾರಾದ್ರೂ. ಗಾಲ್ಫ್, ಆಕ್ಟೇವಿಯಾ ಗಾಡಿಗಳದ್ದು ಟೈರ್ 225/40, ಅಂದ್ರೆ ರಿಮ್ಮಿಂದ ನೆಲಕ್ಕೆ ರಬ್ಬರ್ ಗೋಡೆ ಬರೀ 9 ಸೆಂಟಿಮೀಟರ್. ಮಳೆಗಾಲದಲ್ಲಿ 66ನೇ ನಂಬರ್ ಹೈವೇಲಿ ನೀರು ತುಂಬಿದ ಹೊಂಡ ಕಾಣ್ದೇ ಒಂದು ಸಲ ಬಿದ್ರೆ ಟೈರ್ ಜೊತೆ ರಿಮ್ಮೂ ಹೋಗತ್ತೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಅರಬೈಲ್ ಹತ್ತಿ ಯಲ್ಲಾಪುರಕ್ಕೆ ಹೋಗೋ ಖುಷಿ ಬೇರೇನೇ, ಒಪ್ತೀನಿ, ಆ ತಿರುವುಗಳಿಗೆ ಅಂತಲೇ ಮಾಡಿದ ಗಾಡಿ. ಆದ್ರೆ ಮುಂದೆ ಅಕ್ಕಿ ಲೋಡಿನ ಲಾರಿ ಇರತ್ತೆ, 265 ಪಿಎಸ್ ಇಟ್ಕೊಂಡು ಅದರ ಹಿಂದೆ 20ರಲ್ಲಿ ಹೋಗ್ತೀರಿ. ಊರೊಳಗೆ ಒಬ್ಬೊಬ್ಬರ ಮನೆ ಎದುರು ಒಂದೊಂದು ಹಂಪ್, ಮುಂದಿನ ಬಂಪರ್ ಕೆರ್‍ಕೊಂಡು ಹೋಗೋ ಸದ್ದು ಕೇಳಿದ್ರೆ ಎದೆ ಝಲ್ ಅನ್ನತ್ತೆ. ಸಮುದ್ರದ ಉಪ್ಪುಗಾಳಿಗೆ ಕೆಳಗಡೆ ಕೋಟಿಂಗ್ ಮಾಡಿಸ್ಲೇಬೇಕು, ಅದಕ್ಕೂ ವಾರಂಟಿ ಹೋಗಲ್ವಾ ಅಂತ ಬರವಣಿಗೇಲಿ ಕೇಳ್ಕೋಬೇಕು. ಒಂದು ಬಂಪರ್ ಒಡೆದ್ರೆ ಹೊರದೇಶದಿಂದ ಬರೋ ತನಕ ಗಾಡಿ ಶೆಡ್ಡಲ್ಲಿ.

ಕುಮಟಾ_ಗೇರ್‌ಬಾಕ್ಸ್
ಲಾರಿ ಹಿಂದೆ ಹೋದ್ರೂ ಅಡ್ಡಿಲ್ಲ, ಒಂದು ಖಾಲಿ ತಿರುವು ಸಿಕ್ರೆ ಸಾಕು. ಇದೆಲ್ಲ ಲೆಕ್ಕ ಹಾಕಿ ತಗೊಳೋ ವಸ್ತು ಅಲ್ಲ ಇದು. ಲೆಕ್ಕ ಹಾಕ್ಬೇಕಾಗಿದ್ದು ಅಡ್ವಾನ್ಸ್ ಯಾರ ಕೈಗೆ ಅನ್ನೋದು ಮಾತ್ರ.

ಕಾಳಿದಂಡೆ (ಕಾರವಾರ)
ಅಪ್ಡೇಟ್. ಎಲ್ಲಾ ಬರವಣಿಗೇಲಿ ಇರ್ಬೇಕು ಅಂತ ಅಕ್ಕ ಹೇಳಿದ್ರಲ್ಲ, ಅದಕ್ಕೇ ಶೋರೂಮಿಗೆ ಮೇಲ್ ಹಾಕ್ದೆ, ಹುಡುಗಂಗಲ್ಲ, ಶೋರೂಮಿನ ಆಫೀಸ್ ಮೇಲಿಗೆ, ಕಂಪನಿ ಕಸ್ಟಮರ್ ಕೇರಿಗೂ ಕಾಪಿ ಇಟ್ಟೆ. ಮುಂದಿನ ಲಾಟಿಗೆ ಬುಕಿಂಗ್ ಶುರುವಾಗಿದ್ಯಾ, ಆಗಿದ್ರೆ ಬುಕಿಂಗ್ ಫಾರ್ಮ್ ಕಳ್ಸಿ, ಪೂರ್ತಿ ದುಡ್ಡು ಅಕೌಂಟಿಗೇ ಹಾಕ್ತೀನಿ, ಕ್ಯಾನ್ಸಲ್ ನಿಯಮ ಏನು, ಅಷ್ಟೇ. ಕಂಪನಿಯಿಂದ ಉತ್ತರ ಬಂತು, ಸದ್ಯಕ್ಕೆ ಆ ಮಾಡೆಲಿಗೆ ಯಾವ ಬುಕಿಂಗೂ ತಗೋತಿಲ್ಲ, ಶುರುವಾದ್ರೆ ವೆಬ್‌ಸೈಟಲ್ಲಿ ಹಾಕ್ತೀವಿ ಅಂತ. ಸಂಜೆ ಹುಡುಗ ಫೋನ್ ಮಾಡಿ 'ಮೇಲ್ ಯಾಕ್ ಹಾಕಿದ್ರಿ ಸಾರ್, ನಮ್ ನಮ್ಮೊಳಗೆ ಮುಗಿಸ್ಬೋದಿತ್ತಲ್ಲ' ಅಂದ. ಆಮೇಲೆ ಫೋನ್ ಎತ್ತಿಲ್ಲ.
ಹಾಗಾಗಿ ಕೊಡಲ್ಲ. 5 ಲಕ್ಷ ಬ್ಯಾಂಕಲ್ಲೇ ಇರ್ಲಿ, ಕಂಪನಿ ಓಪನ್ ಮಾಡಿದ ದಿನ ನಾನೇ ಹಾಕ್ತೀನಿ. ಭಾವ ಮಾತಾಡ್ತಿಲ್ಲ ನನ್ ಜೊತೆ.

ವಕೀಲಿ_ಅಕ್ಕ (ಕಾರವಾರ)
ಒಳ್ಳೇದಾಯ್ತು ತಮ್ಮಾ. ಆ ಮೇಲ್ ಡಿಲೀಟ್ ಮಾಡ್ಬೇಡ. ಗುಲಾಬಿ ರಸೀದಿ ತಗೊಂಡ ಆ ಇನ್ನೊಬ್ರು ಯಾರೋ, ಅವ್ರಿಗೂ ವಿಷ್ಯ ಮುಟ್ಸೋಕೆ ಆದ್ರೆ ಮುಟ್ಸು.

ಕಾಳಿದಂಡೆ (ಕಾರವಾರ)
ಹೆಸರು ಅರ್ಧ ಕಾಣತ್ತೆ ಅಕ್ಕಾ, ಊರು ಕುಮಟಾ ಕಡೆ. ಹುಡುಕ್ತೀನಿ.

ಕುಮಟಾ_ಗೇರ್‌ಬಾಕ್ಸ್
ನಾನಲ್ಲ ಮತ್ತೆ 😂 ಆದ್ರೆ ನಾನೂ ಕೇಳಿ ನೋಡ್ತೀನಿ, ಇಲ್ಲಿ ಇಂಥ ಹುಚ್ಚು ಇರೋರು ಹೆಚ್ಚು ಜನ ಇಲ್ಲ.
ಬುಕಿಂಗ್ ದಿನಕ್ಕೆ ಈಗ್ಲೇ ತಯಾರಿ ಮಾಡ್ಕೋ. ಯುಪಿಐ ನಂಬ್ಕೊಂಡು ಕೂರ್ಬೇಡ, ಸಾಮಾನ್ಯ ಪೇಮೆಂಟಿಗೆ ಒಂದು ಲಕ್ಷದ ಮೇಲೆ ಹೋಗಲ್ಲ. ನೆಟ್ ಬ್ಯಾಂಕಿಂಗ್ ದಿನದ ಲಿಮಿಟ್ ಮೊದ್ಲೇ ಏರಿಸಿಡು. ಪ್ಯಾನ್, ಆಧಾರ್, ವಿಳಾಸ ಎಲ್ಲಾ ಒಂದು ಕಡೆ ಟೈಪ್ ಮಾಡಿಟ್ಕೋ. ನಿಮ್ ಮನೇಲಿ ಫೈಬರ್ ಇದ್ಯಾ?

ಕಾಳಿದಂಡೆ (ಕಾರವಾರ)
ಇದೆ, ಆದ್ರೆ ಗಾಳಿ ಮಳೆ ಬಂದ್ರೆ ಕರೆಂಟೇ ಹೋಗತ್ತೆ.

ಶಿರಸಿ_ಅಡಕೆ
ಇನ್‌ವರ್ಟರ್ ಹಾಕ್ಸು ಮೊದ್ಲು. ಅದಕ್ಕೆ ಅಡ್ವಾನ್ಸ್ ಬೇಡ, ಶಿರಸೀಲಿ ಇವತ್ತು ದುಡ್ಡು ಕೊಟ್ರೆ ಇವತ್ತೇ ಕೊಡ್ತಾರೆ.